ಬೆಳಕಿಗೆ ಹಿಡಿಯಬಾರದ ಮೀನುತೊಟ್ಟಿ

ಬಡಗಿ ಶವಪೆಟ್ಟಿಗೆಯ ಮುಚ್ಚಳ ಎತ್ತಿಯಾಗಿತ್ತು. ಇನ್ನೇನು ಇಳಿಸಬೇಕು, ಸತ್ತವನ ಮಗಳು ಕೈ ಅಡ್ಡ ಇಟ್ಟಳು.

"ಮುಚ್ಚಬೇಡಿ ಮಾಮ. ಇವಳು ನಿಜ ಹೇಳೋವರೆಗೂ ನಮ್ಮಪ್ಪ ಈ ಮನೆ ಬಿಟ್ಟು ಹೊರಡಲ್ಲ."

ಇವಳು ಎಂದರೆ ಸೊಸೆ, ಬಸ್ ಕಂಡಕ್ಟರ್. ಎರಡು ದಿನದಿಂದ ಬಿಚ್ಚದ ಖಾಕಿ ಅಂಗಿಯಲ್ಲೇ ಗೋಡೆಗೆ ಒರಗಿ ನಿಂತಿದ್ದಳು.

"ಇನ್ನೆಷ್ಟು ಸಲ ಹೇಳ್ಲಿ ಅತ್ತಿಗೆ? ಕೆಮ್ಮು ಶುರುವಾದಾಗಲೇ ಚೀಟಿ ಬರೆಸಿ ಎಕ್ಸ್‌ರೇಗೆ ಕಳಿಸಿದ್ದೆ. ನನಗೆ ಡ್ಯೂಟಿ ಇತ್ತು, ಪುಟ್ಟೀನ ಕರ್ಕೊಂಡು ಮಾವನೇ ಹೋಗಿ ಬಂದ್ರು. ಒರೆಸಿಟ್ಟ ಗಾಜಿನ ಹಾಗಿದೆಯಂತೆ ನನ್ನೆದೆ ಅಂದ್ರು."

"ಹಾಗಾದ್ರೆ ಆ ಫಿಲ್ಮ್ ಎಲ್ಲಿ? ನೆಲ ನುಂಗ್ತಾ?"

"ಆಸ್ಪತ್ರೆಯವರೇ ಇಟ್ಕೊಂಡ್ರು ಅಂದ್ರು."

"ಸತ್ತವರ ಮೇಲೆ ಹೊರಿಸೋದು ಸುಲಭ ಕಣೇ, ಎದ್ದು ಬಂದು ಅಲ್ಲ ಅನ್ನಲ್ಲ. ನಿನ್ನೆ ಹೋಗಿ ಕೇಳ್ದೆ. ಯಾರದ್ದೂ ಇಟ್ಕೊಳ್ಳಲ್ವಂತೆ, ಕೈಗೇ ಕೊಟ್ಟು ಕಳಿಸ್ತಾರಂತೆ."

ಬಡಗಿಗೆ ಮುಚ್ಚಳ ಭಾರವಾಗುತ್ತಿತ್ತು. "ಮೂರು ಗಂಟೆಗೆ ಗಾಡಿ ಬರುತ್ತೆ ತಾಯಿ," ಎಂದ. ಪೆಟ್ಟಿಗೆಯೊಳಗೆ ನೋಡಿ ಮುಂದುವರಿಸಿದ, "ಜೀವಮಾನ ಪೂರ್ತಿ ನನ್ನ ಕಿಟಕಿ ಚೌಕಟ್ಟು ಅಳತೆ ತಪ್ಪಿದೆ ಅಂತ ಬೈದೋನು. ಇದನ್ನ ಮಾಡಿ ತಂದ್ರೆ ಒಂದು ಮಾತೂ ಆಡ್ಲಿಲ್ಲ."

ಬಾಗಿಲ ಬಳಿ ಯಾರೋ ನಕ್ಕರು. ನಕ್ಕವರೇ ಕೆಮ್ಮಿ ನಗು ಮುಚ್ಚಿಕೊಂಡರು.

ಅಷ್ಟು ಹೊತ್ತು ನೆಲ ನೋಡುತ್ತಿದ್ದ ಸೊಸೆಯ ಗಂಡ ತಲೆಯೆತ್ತಿದ. "ಹೇಳಿಬಿಡೇ. ನಿಜವಾಗ್ಲೂ ಕಳಿಸಿದ್ಯಾ?"

ದಿನಕ್ಕೆ ನೂರು ಜನರ ಬಾಯಿಗೆ ಉತ್ತರ ಕೊಟ್ಟು ಬಂದವಳು ಸೊಸೆ. ಚಿಲ್ಲರೆಗೆ ಜಗಳ ಆಡುವವರು, ಸೀಟಿಗೆ ಜಗಳ ಆಡುವವರು, ಸುಮ್ಮನೆ ಜಗಳ ಆಡುವವರು. ಈ ಪ್ರಶ್ನೆ ಕೇಳಿದವನು ಅವಳ ಸ್ವಂತ ಗಂಡ.

ಆಗಲೇ ಏಳು ವರ್ಷದ ಪುಟ್ಟಿ ರಟ್ಟಿನ ಡಬ್ಬವೊಂದನ್ನು ಎದೆಗೆ ಅವಚಿಕೊಂಡು ಬಂದಳು. "ಅಮ್ಮಾ, ಇದನ್ನ ತಾತನ ಜೊತೆ ಇಡಬೇಕು."

"ಕಸ ತುಂಬೋಕೆ ಅದೇನು ಕಸದ ಬುಟ್ಟೀನಾ? ಹೋಗೇ ಒಳಗೆ!" ಎಂದಳು ಸೋದರತ್ತೆ.

ಸೊಸೆ ಮಗಳ ರಟ್ಟೆ ಹಿಡಿದು ಅಡುಗೆಮನೆಗೆ ಕರೆದೊಯ್ದಳು.

*

ತಾತ ನಲವತ್ತು ವರ್ಷ ಕಿಟಕಿಗಳಿಗೆ ಗಾಜು ಕೂರಿಸಿದವನು. ಹತ್ತು ಬೆರಳಿಗೂ ಗಾಯದ ಗೆರೆಗಳಿದ್ದವು. ಅದಕ್ಕೇ ಮಕ್ಕಳ ಕೈಗೆ ಒಂದು ಚೂರು ಗಾಜನ್ನೂ ಕೊಡುತ್ತಿರಲಿಲ್ಲ. ಮೊಮ್ಮಗಳು ಮೀನುತೊಟ್ಟಿ ಬೇಕೆಂದು ಹಠ ಹಿಡಿದಾಗ ಮನೆಯ ಹಳೆಯದೆಲ್ಲ ಮಂಚದ ಮೇಲೆ ಬಂತು. ಬೂಟಿನ ಡಬ್ಬ ಮಗ್ಗುಲಾಗಿ ನಿಂತು ತೊಟ್ಟಿಯಾಯಿತು. ಬಾಟಲಿಯ ಮುಚ್ಚಳ ಏಡಿಯಾಯಿತು. ಪಾತ್ರೆ ತಿಕ್ಕಿ ಸವೆದ ಹಸಿರು ನಾರು ಪಾಚಿಯಾಯಿತು. ಮಾತ್ರೆ ನುಂಗಿ ಉಳಿದ ಬೆಳ್ಳಿ ಹಾಳೆಯನ್ನು ಮೀನಾಗಿ ಕತ್ತರಿಸಿ, ಅಂಗಿಯ ಗುಂಡಿಯನ್ನು ಕಣ್ಣು ಮಾಡಿ, ದಾರದಲ್ಲಿ ತೂಗುಬಿಟ್ಟರು.

"ನೀರೆಲ್ಲಿ ತಾತ?"

ಅವನು ಸ್ವಲ್ಪ ಹೊತ್ತು ಕೆಮ್ಮಿದ. ಆಮೇಲೆ ಹಾಸಿಗೆಯ ಕೆಳಗಿನಿಂದ ಒಂದು ದೊಡ್ಡ ಲಕೋಟೆ ಎಳೆದ. ಒಳಗೆ ಕಪ್ಪುನೀಲಿ ಹಾಳೆ.

"ಇದು ಆಸ್ಪತ್ರೇಲಿ ಕೊಟ್ಟಿದ್ದಲ್ವಾ?"

"ಹ್ಞೂ. ಆಳದ ಸಮುದ್ರ ಹೀಗೇ ಇರೋದು. ಅಮ್ಮನಿಗೆ ಹೇಳಬೇಡ, ಆಯ್ತಾ? ಹೇಳಿದ್ರೆ ಕೆಲಸ ಬಿಟ್ಟು ಕೂತು, ನನ್ನನ್ನ ಆಸ್ಪತ್ರೇಲಿ ಮಲಗಿಸ್ತಾಳೆ. ಆಮೇಲೆ ನಿನ್ನ ಜೊತೆ ಮೀನು ಮಾಡೋರ್ಯಾರು?"

ಆ ಹಾಳೆಯನ್ನು ಡಬ್ಬದೊಳಗೆ ಸುಮ್ಮನೆ ಅಂಟಿಸಿದ್ದರೆ ಮುಗಿಯುತ್ತಿತ್ತು. ಆದರೆ ಬೆಳಕು ಹಾಯುವ ವಸ್ತು ಕೈಗೆ ಬಂದರೆ ಅದರ ಹಿಂದೆ ಕಿಟಕಿ ಕೊರೆಯದೆ ಆ ಕೈ ನಿಲ್ಲುವಂಥದ್ದಲ್ಲ. ಡಬ್ಬದ ಹಿಂಬದಿಯನ್ನು ನಾಲ್ಕೂ ಕಡೆ ಅಂಚು ಬಿಟ್ಟು ಕೊಯ್ದ. ಹಾಳೆಯನ್ನು ಕೂದಲೆಳೆ ಸಂದಿಲ್ಲದಂತೆ ಕೂರಿಸಿದ. ಕೂರಿಸಿದ ಮೇಲೆ ಎತ್ತಿ ನೋಡಿ, ತಟ್ಟನೆ ಇಳಿಸಿದ.

"ಇದನ್ನ ಗೋಡೆಗೆ ಒತ್ತಿಯೇ ಇಡಬೇಕು ಪುಟ್ಟಿ. ಬೆಳಕಿಗೆ ಹಿಡಿದ್ರೆ ಮೀನಿಗೆ ಕಣ್ಣುರಿ ಬರುತ್ತೆ."

*

"ಬೆಳಕಿಗೆ ಹಿಡೀಬೇಡಮ್ಮಾ!" ಎಂದು ಪುಟ್ಟಿ ಕೂಗುವಷ್ಟರಲ್ಲಿ ಸೊಸೆ ಡಬ್ಬವನ್ನು ಅಡುಗೆಮನೆಯ ಕಿಟಕಿಗೆ ಎತ್ತಿಯಾಗಿತ್ತು.

ಪಕ್ಕೆಲುಬುಗಳು. ಎಡಗಡೆ ನಿಂಬೆಹಣ್ಣಿನಷ್ಟು ಬಿಳಿ ಕಲೆ. ಮೂಲೆಯಲ್ಲಿ ಮಾವನ ಹೆಸರು, ತಾರೀಖು.

ಅಲ್ಲಿಂದ ನಡುಮನೆಗೆ ಹತ್ತು ಹೆಜ್ಜೆ. ಎಲ್ಲರ ಮುಂದೆ ಇದನ್ನು ಎತ್ತಿ ತೋರಿಸಿದರೆ ಸಾಕು, ಅತ್ತಿಗೆಯ ಬಾಯಿ ಮುಚ್ಚುತ್ತದೆ, ಗಂಡ ತಲೆ ತಗ್ಗಿಸುತ್ತಾನೆ. ಅವಳು ನಾಲ್ಕು ಹೆಜ್ಜೆ ಇಟ್ಟೂ ಇಟ್ಟಳು. ಅಂಗಿಯ ಚುಂಗನ್ನು ಯಾರೋ ಹಿಡಿದಂತಾಯಿತು.

"ಅಮ್ಮಾ, ತಾತ ಹೇಳಬೇಡ ಅಂದಿದ್ರು, ಅದಕ್ಕೇ ಹೇಳ್ಲಿಲ್ಲ. ನಾನು ಹೇಳಿದ್ದಿದ್ರೆ ತಾತ ಸಾಯ್ತಿರ್ಲಿಲ್ವಾ?"

ಸೊಸೆ ನಿಂತಳು. ಹೊರಗೆ ಅತ್ತಿಗೆಯ ದನಿ ಏರುತ್ತಲೇ ಇತ್ತು. ಇದನ್ನು ತೋರಿಸಿದರೆ ಆ ದನಿ ತಿರುಗುವುದು ಈ ಮಗುವಿನ ಕಡೆಗೆ.

"ಇಲ್ಲ ಕಂದಾ. ನೀನು ಹೇಳಿದ್ರೂ ಹೋಗ್ತಿದ್ರು. ನಿನ್ನದೇನೂ ಇಲ್ಲ ಇದರಲ್ಲಿ." ಕೂತು ಮಗಳ ಮೂಗು ಒರೆಸಿದಳು. ಡಬ್ಬವನ್ನು ಮತ್ತೆ ಅವಳ ಕೈಗೇ ಕೊಟ್ಟಳು.

ನಡುಮನೆಗೆ ಬಂದು ಹೇಳಿದಳು, "ತಪ್ಪು ನಂದೇ ಅತ್ತಿಗೆ. ರಜ ಹಾಕಿ ನಾನೇ ಮಾವನ ಜೊತೆ ಹೋಗ್ಬೇಕಿತ್ತು. ಈಗ ಮುಚ್ಚೋಕೆ ಬಿಡಿ. ಮಗು ಇದನ್ನ ತಾತನ ಹತ್ರ ಇಡಲಿ."

"ಕೇಳಿದ್ರಲ್ಲ ಎಲ್ರೂ!" ಎಂದಳು ಸತ್ತವನ ಮಗಳು. ಗೆದ್ದವಳ ದನಿಯಲ್ಲ, ಒಡೆದ ದನಿ. ಗಂಡ ಗೋಡೆಯ ಕಡೆ ಮುಖ ತಿರುಗಿಸಿದ.

ಹೊರಗೆ ಗಾಡಿ ಬಂದು ನಿಂತಿತು. ಹಾದಿ ಬಿಡಿ ಎಂದು ಯಾರೋ ಬೀದಿಬಾಗಿಲನ್ನು ಪೂರ್ತಿ ತೆರೆದರು. ಮೂರು ಗಂಟೆಯ ಬಿಸಿಲು ನೇರ ಒಳಗೆ ಬಂತು.

"ತಾ ಇಲ್ಲಿ, ನಿನಗೆ ಎಟುಕಲ್ಲ," ಎಂದು ಸೋದರತ್ತೆ ಪುಟ್ಟಿಯ ಕೈಯಿಂದ ಡಬ್ಬ ಕಿತ್ತುಕೊಂಡು ಪೆಟ್ಟಿಗೆಯ ಮೇಲೆ ಎತ್ತಿದಳು.

ಎತ್ತಿದ ಕೈ ಹಾಗೇ ನಿಂತಿತು. ಪಕ್ಕೆಲುಬುಗಳ ನಡುವೆ ಬೆಳ್ಳಿ ಮೀನು ತೂಗುತ್ತಿತ್ತು. ಅವಳು ಮೂಲೆಯ ಹೆಸರನ್ನು ಓದಿದಳು. ತಾರೀಖನ್ನು ಓದಿದಳು. ಡಬ್ಬದ ಆಚೆ ಪುಟ್ಟಿ ಕತ್ತೆತ್ತಿ ತನ್ನನ್ನೇ ನೋಡುತ್ತಿದ್ದಳು. ಅವಳ ಹಿಂದೆ, ಮಗುವಿನ ಎರಡೂ ಭುಜ ಹಿಡಿದು, ಸೊಸೆ ನಿಧಾನವಾಗಿ ತಲೆ ಅಡ್ಡಡ್ಡ ಆಡಿಸಿದಳು. ಬೇಡ.

"ಏನಕ್ಕಾ ಅದು?" ಸೊಸೆಯ ಗಂಡ ಹತ್ತಿರ ಬಂದ.

ಅಕ್ಕ ಹೆಗಲ ಮೇಲಿನ ಶಾಲು ತೆಗೆದು ಡಬ್ಬದ ಹಿಂಬದಿಗೆ ಸುತ್ತಿದಳು. ಪಕ್ಕೆಲುಬುಗಳು ಹೋಗಿ ಬರೀ ಸಮುದ್ರ ಉಳಿಯಿತು. ಅದನ್ನು ಅಪ್ಪನ ಕಾಲ ಬಳಿ, ಮೀನು ಮೇಲೆ ಮಾಡಿ ಮಲಗಿಸಿದಳು.

"ಇವಳು ಕಳಿಸಿದ್ದು ನಿಜ ಕಣೋ," ಎಂದಳು. "ಸಾಕು ಇನ್ನು."

ಬಡಗಿ ಮುಚ್ಚಳ ತಂದ. ಒಂದು ತುದಿ ಸೊಸೆ ಹಿಡಿದಳು. ಇನ್ನೊಂದು ತುದಿಗೆ ಅತ್ತಿಗೆ ಕೈ ಕೊಟ್ಟಳು. ನೆರಳು ಪೂರ್ತಿ ಇಳಿಯುವವರೆಗೂ ಅಂಗಿಯ ಗುಂಡಿಯ ಒಂದು ಕಣ್ಣು ಮೇಲೆಯೇ ನೋಡುತ್ತಿತ್ತು.