ಹದಿನಾರು ಮಂಚದ ಮನೆ

ನನ್ನ ಅಮ್ಮ ನನ್ನನ್ನು ಯಮನ ಗುಮಾಸ್ತ ಅಂತ ಕರೆಯುತ್ತಾಳೆ. ನಾನು ಕೆಲಸ ಮಾಡುವುದು ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿಗಳ ಕಚೇರಿಯಲ್ಲಿ. ಇಲ್ಲಿ ಓದಿ ಹೋಗಿ ಈಗ ತಲೆ ನರೆತವರು ತಮ್ಮ ಆಸ್ತಿಯಲ್ಲಿ ಒಂದು ಪಾಲನ್ನು ಮುಂದೆ ಓದಲು ಬರುವ ಮಕ್ಕಳಿಗೆ ಬರೆದಿಡಲಿ ಎಂದು ಮನೆಮನೆಗೆ ಹೋಗಿ ಮಾತಾಡಿಸುವುದು ನನ್ನ ಪಾಲಿಗೆ ಬಂದ ಕೆಲಸ. ಬಾಯಿಬಿಟ್ಟು ಕೇಳುವ ಹಾಗಿಲ್ಲ, ಕೇಳದೆ ಬರುವ ಹಾಗೂ ಇಲ್ಲ. ಸಾವು ಎಂಬ ಮಾತನ್ನು ದಾನಿಗಳ ಮುಂದೆ ಯಾರೂ ಆಡಕೂಡದು ಎಂಬುದು ಕಚೇರಿಯ ಮೊದಲ ಪಾಠ. ಹಾಗಾಗಿ ಹಣ್ಣಿನ ಬುಟ್ಟಿ ಹಿಡಿದು ಹೋಗಿ ಆರೋಗ್ಯ ವಿಚಾರಿಸುತ್ತೇನೆ. "ಚೆನ್ನಾಗಿದ್ದೀನಪ್ಪ" ಅಂದರೆ ಸಂತೋಷಪಡಬೇಕು. ಆ ಸಂತೋಷವೂ ಹದವಾಗಿರಬೇಕು, ಕಡಿಮೆಯಾದರೂ ಅನುಮಾನ, ಹೆಚ್ಚಾದರೂ ಅನುಮಾನ.

ನನ್ನ ದಾನಿಗಳಲ್ಲಿ ಹಲ್ಲಿನ ಡಾಕ್ಟರಮ್ಮನಷ್ಟು ನನ್ನನ್ನು ಗೋಳುಹೊಯ್ದುಕೊಂಡವರು ಇನ್ನೊಬ್ಬರಿಲ್ಲ. ಎಂಬತ್ತು ದಾಟಿದ ಒಂಟಿ ಹೆಂಗಸು. ಕೆಳಗೆ ಮುಚ್ಚಿದ ಕ್ಲಿನಿಕ್, ಮೇಲೆ ಮನೆ. ಊರಿನ ಅರ್ಧ ಜನರ ಹಲ್ಲು ಕಿತ್ತು ಕಟ್ಟಿಸಿದ ಆ ಮನೆಯನ್ನು ತಮ್ಮ ನಂತರ ಹುಡುಗಿಯರ ಹಾಸ್ಟೆಲ್ ಆಗಲಿ ಎಂದು ವಿಲ್ ಬರೆದಿದ್ದರು. ನಾನು ಹೋದಾಗಲೆಲ್ಲ ಬಾಗಿಲು ತೆಗೆದು, "ಇನ್ನೂ ಇದ್ದೀನಿ ಕಣಪ್ಪ, ಬೇಜಾರು ಮಾಡ್ಕೋಬೇಡ. ಒಳಗೆ ಬಾ, ಬಾಯಿ ತೆಗಿ" ಅನ್ನುತ್ತಿದ್ದರು. ನನ್ನ ದವಡೆ ಹಲ್ಲು ನೋಡದೆ ಒಂದು ದಿನವೂ ಟೀ ಕೊಟ್ಟವರಲ್ಲ.

ಈ ಸಲ ನಮ್ಮ ಕಟ್ಟಡ ವಿಭಾಗದ ಎಂಜಿನಿಯರ್ ನನ್ನ ಬೆನ್ನುಬಿದ್ದ. "ನಾಳೆ ಏನಾದ್ರೂ ಆದ್ರೆ ಪ್ಲಾನ್ ರೆಡಿ ಇರ್ಬೇಕಲ್ಲ ಸಾರ್. ಸುಮ್ನೆ ಬಂದು ಮನೆ ನೋಡ್ಕೊಂಡು ಹೋಗ್ತೀನಿ. ತುಟಿ ಪಿಟಕ್ಕನ್ನಲ್ಲ."

ನಂಬಿದೆ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು, ಅದೂ ಇನ್ನೊಬ್ಬರ ಮನೆಗೆ.

ಟೀ ಮುಗಿಯುವವರೆಗೆ ಅವನು ಸುಮ್ಮನಿದ್ದದ್ದು ನಿಜ. ಆಮೇಲೆ ಗೋಡೆ ತಟ್ಟಿ ನೋಡಿದ. ಗೋಡೆ ಕಂಡರೆ ತಟ್ಟದೆ ಇರಲಾರದ ಜಾತಿ ಅದು. ತಟ್ಟಿದ ಮೇಲೆ ಕೈ ತಾನಾಗಿ ಜೇಬಿಗೆ ಹೋಯಿತು, ಅಳತೆ ಟೇಪು ಹೊರಬಂತು. ಟೇಪಿಗೆ ಇನ್ನೊಂದು ತುದಿ ಇರುತ್ತದಲ್ಲ. ನನ್ನ ಕೈಯಲ್ಲಿ ಟೀ ಕಪ್ಪು, ಬಸಿ ಇತ್ತು. "ಅಮ್ಮಾ, ಸ್ವಲ್ಪ ಈ ತುದಿ ಹಿಡ್ಕೊಳ್ತೀರಾ?" ಅಂದ.

ಡಾಕ್ಟರಮ್ಮ ಹಿಡಿದುಕೊಂಡರು. ಕೋಣೆಯಿಂದ ಕೋಣೆಗೆ ತುದಿ ಹಿಡಿದು ತಾವೇ ನಡೆದರು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೆ ಎಂದುಕೊಳ್ಳುತ್ತ ನಾನು ಹಿಂದೆ ಹೋದೆ.

"ಇಲ್ಲಿ ಆರು ಮಂಚ. ಅಡುಗೆಮನೆ ಒಡೆದ್ರೆ ಅಲ್ಲಿ ನಾಲ್ಕು," ಎಂಜಿನಿಯರ್ ಮೈಮರೆತಿದ್ದ. "ಬಚ್ಚಲು ಒಂದೇ ಸಾಕು, ಹುಡುಗೀರು ಅಡ್ಜಸ್ಟ್ ಮಾಡ್ಕೋತಾರೆ. ಒಟ್ಟು ಹದಿನಾರು ಆರಾಮಾಗಿ ಹಿಡಿಯುತ್ತೆ."

"ಓದೋ ಮೇಜು?" ಡಾಕ್ಟರಮ್ಮ ಕೇಳಿದರು.

"ಮಂಚದ ಮೇಲೇ ಕೂತು ಓದ್ತಾರಮ್ಮ."

ಡಾಕ್ಟರಮ್ಮ ತುದಿ ಬಿಟ್ಟರು. ಟೇಪು ಸರ್ರನೆ ಓಡಿ ಹೋಗಿ ಅವನ ಬೆರಳಿಗೆ ಬಡಿಯಿತು.

"ಓದೋವಾಗ ಚಿಕ್ಕಪ್ಪನ ಮನೇಲಿ ಮೆಟ್ಟಿಲ ಕೆಳಗಿದ್ದೆ," ಅಂದರು. "ಯಾರು ಹತ್ತಿದ್ರೂ ಪುಸ್ತಕದ ಮೇಲೆ ಧೂಳು ಬೀಳೋದು. ಓದೋ ಹುಡುಗಿಗೆ ಒಂದು ಬಾಗಿಲು, ಒಂದು ಮೇಜು, ಒಂದು ಕಿಟಕಿ ಇರೋ ಮನೆ ಕಟ್ತೀನಿ ಅಂತ ಅಲ್ಲೇ ಅನ್ಕೊಂಡಿದ್ದೆ. ನಾಳೆ ವಕೀಲರನ್ನ ಕರೆಸ್ತೀನಿ. ಮನೆ ನಮ್ಮಣ್ಣನ ಮಗನಿಗೆ ಹೋಗ್ಲಿ. ಕೆಡವಿ ಅಂಗಡಿ ಕಟ್ತೀನಿ ಅಂತ ಮುಖದ ಮೇಲೇ ಹೇಳಿದಾನೆ. ನಿಮಗಿಂತ ಅವನೇ ವಾಸಿ."

ಕಚೇರಿಗೆ ಬಂದರೆ, ಆ ಮನೆ ಕೈತಪ್ಪಿದರೆ ನಿಮ್ಮ ಕುರ್ಚಿಯೂ ತಪ್ಪಿದ ಹಾಗೆಯೇ ಎಂದು ಸಾಹೇಬರು ಹೇಳಿದರು. ಹೆದರಿಕೆಯಾಯಿತು, ಸುಳ್ಳೇಕೆ. ಆದರೆ ಹೆದರಿಕೆಗಿಂತ ನಾಚಿಕೆ ಹೆಚ್ಚಾಗಿತ್ತು. ನಮ್ಮ ಹಾಸ್ಟೆಲ್ಲಿನ ಹುಡುಗಿಯರು ಚಪ್ಪಲಿ ಗೂಡಿನ ಪಕ್ಕ ಕೂತು ಪರೀಕ್ಷೆಗೆ ಓದುವುದನ್ನು ನಾನು ದಿನಾ ನೋಡುತ್ತೇನೆ. ಆಕೆ ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ.

ಮಾರನೆಯ ಬೆಳಿಗ್ಗೆ, ವಕೀಲರು ಬರುವ ಮೊದಲೇ, ಹಣ್ಣಿಲ್ಲದೆ ಹೋದೆ.

"ಅಮ್ಮ, ನೀವು ಸತ್ತ ಮೇಲೆ ನಾವು ಏನು ಮಾಡ್ತೀವೋ, ನನಗೇ ನಂಬಿಕೆ ಇಲ್ಲ," ಅಂದೆ. "ನೀವು ಇರೋವಾಗ್ಲೇ ಹುಡುಗೀರನ್ನ ಇಟ್ಕೊಳ್ಳಿ. ಮನೆ ಹೇಗಿರ್ಬೇಕು ಅಂತ ನೀವೇ ನಡೆಸಿ ತೋರಿಸಿ."

ಡಾಕ್ಟರಮ್ಮ ಬಾಗಿಲು ಪೂರ್ತಿ ತೆಗೆದರು. "ಅಂತೂ ನಾನು ಹೇಳದೇನೇ ಬಾಯಿ ತೆಗೆದ್ಯಲ್ಲ," ಅಂದರು. "ನಾಲ್ಕು ಕೋಣೆ ಇದೆ, ನಾಲ್ಕು ಜನರನ್ನ ಕಳಿಸು. ವಿಲ್ ಈಗಿರೋ ಹಾಗೇ ಇರ್ಲಿ. ಆ ಎಂಜಿನಿಯರ್‌ಗೆ ಬುದ್ಧಿ ಬರೋವರೆಗೂ ನಾನು ಸಾಯಲ್ಲ."

ನಾಲ್ವರು ಹುಡುಗಿಯರು ಅಲ್ಲಿಗೆ ಹೋದರು. ಹೋದ ದಿನವೇ ಹದಿನಾರು ಮಂಚದ ಕಥೆ ಅವರ ಕಿವಿಗೆ ಬಿತ್ತು. ಅಲ್ಲಿಂದ ಡಾಕ್ಟರಮ್ಮನ ಗ್ರಹಚಾರ ಶುರುವಾಯಿತು. ತಟ್ಟೆಯಿಂದ ಉಪ್ಪು ಹೋಯಿತು, ಟೀಯಿಂದ ಸಕ್ಕರೆ ಹೋಯಿತು. ಬೆಳಗಾದರೆ ಇಬ್ಬರು ಎರಡು ಕಡೆ ಕೈ ಹಿಡಿದು ವಾಕಿಂಗಿಗೆ ಎಳೆದುಕೊಂಡು ಹೋಗುತ್ತಾರೆ. "ನೆಮ್ಮದಿಯಾಗಿ ಸಾಯೋಕೂ ಬಿಡಲ್ಲ ಈ ಮುಂಡೇವು" ಎಂದು ಫೋನಿನಲ್ಲಿ ನನಗೆ ದೂರು ಕೊಟ್ಟರು. ದನಿಗೆ ಹತ್ತು ವರ್ಷ ವಯಸ್ಸು ಕಡಿಮೆಯಾಗಿತ್ತು.

ಮೊನ್ನೆ ಹಣ್ಣಿನ ಬುಟ್ಟಿ ಹಿಡಿದು ಹೋದೆ. ಬಾಗಿಲು ತೆಗೆದ ಹುಡುಗಿ ಅಡ್ಡ ನಿಂತು, ಬುಟ್ಟಿಯ ತಳದವರೆಗೆ ಕೈಯಾಡಿಸಿ ನೋಡಿದಳು.

"ಏನು ಹುಡುಕ್ತಿದ್ದೀಯಮ್ಮ?"

"ಟೇಪು," ಅಂದಳು. "ನನಗಿನ್ನೂ ಎರಡು ವರ್ಷ ಓದಿದೆ ಸಾರ್. ಆಮೇಲೆ ಕಾಲೇಜು ಸೇರಿದಾಗ ಈ ಕೋಣೆಗೆ ನನ್ನ ತಂಗಿ ಬರ್ತಾಳೆ. ಅವಳೀಗ ಏಳನೇ ಕ್ಲಾಸು, ನಿಧಾನವಾಗಿ ಓದ್ತಾಳೆ. ಅವಳದ್ದು ಮುಗಿಯೋವರೆಗೂ ಅಜ್ಜಿ ಎಲ್ಲೂ ಹೋಗಲ್ಲ."

ಒಳಗಿನಿಂದ ಕೂಗು ಬಂತು. "ಬಿಡೇ ಅವನನ್ನ. ದವಡೆ ಹಲ್ಲು ನೋಡ್ಬೇಕು."

"ಹೇಗಿದ್ದೀರಮ್ಮ?" ಬಾಗಿಲಲ್ಲಿ ನಿಂತೇ ಕೇಳಿದೆ.

"ಚೆನ್ನಾಗಿದ್ದೀನಪ್ಪ."

ನನಗೆ ಸಂತೋಷವಾಯಿತು. ಹದ ನೋಡಲು ಮರೆತೇ ಹೋಯಿತು.