ಇಟ್ಟದ್ದು ಎಲ್ಲಿ ಎಂದು ಕೇಳುವುದೇ ನನ್ನ ಕೆಲಸ

ನಾನು ಒಂದು ಪರೀಕ್ಷೆ. ಶಾಲೆಯ ಮಕ್ಕಳು ಬರೆಯುವ ಪರೀಕ್ಷೆಯಲ್ಲ. ಡೇಟಾಬೇಸ್ ಸರ್ವರ್ ಸರಿಯಾಗಿದೆಯೇ ಎಂದು ನೋಡಲು ಕಂಪ್ಯೂಟರಿನೊಳಗೆ ಬರೆದಿಟ್ಟ, ತಾನಾಗಿಯೇ ಓಡುವ ಪರೀಕ್ಷೆ. ನನಗೆ ಕೈಕಾಲಿಲ್ಲ, ತೂಕವಿಲ್ಲ. ಕೆಲವು ಸಾಲುಗಳೇ ನನ್ನ ಮೈ. ಆದರೂ ನನಗೊಂದು ಹುಟ್ಟು ಇತ್ತು, ನನ್ನನ್ನು ಬೆಳೆಸಿದ ಕೈಯೊಂದಿತ್ತು, ಆ ಕೈಯನ್ನು ಕಳೆದುಕೊಂಡ ದುಃಖವೂ ಇದೆ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಪಂಪಿನ ಬಿಡಿಭಾಗ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಚಿಕ್ಕ ಕಂಪನಿ. ಅಲ್ಲಿ ಡೇಟಾಬೇಸ್ ಸರ್ವರ್ ತಯಾರಾಗುತ್ತಿತ್ತು. ಸರ್ವರ್ ಎಂದರೆ ಒಬ್ಬ ಭಂಡಾರಿ ಇದ್ದಂತೆ. ಕೊಟ್ಟ ಮಾಹಿತಿಯನ್ನು ಜೋಪಾನವಾಗಿ ಇಡಬೇಕು, ಕೇಳಿದಾಗ ತೆಗೆದುಕೊಡಬೇಕು. ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂದಾಗ ಈ ಭಂಡಾರಿಯ ತಪ್ಪೊಂದು ಹೊರಬಿತ್ತು. 'ಇಟ್ಟೆ' ಎಂದು ತಾನೇ ಹೇಳಿದ್ದ ಮಾಹಿತಿ ಅದರ ಬಳಿ ಇರಲಿಲ್ಲ.

ಆ ತಪ್ಪಿನಿಂದ ನಾನು ಹುಟ್ಟಿದೆ. ನನ್ನನ್ನು ಬರೆದವರು ಸಂಗನಬಸಯ್ಯ ಹಿರೇಮಠ. ಹಣೆಯ ತುಂಬ ವಿಭೂತಿ, ಮೆತ್ತನೆಯ ಮಾತು. ಆಫೀಸಿನವರೆಲ್ಲ ಅವರನ್ನು 'ಅಯ್ನಾರು' ಎನ್ನುತ್ತಿದ್ದರು. ಅವರು ನನಗೆ ಕಲಿಸಿದ್ದು ಇಷ್ಟೇ. ಸರ್ವರಿಗೆ ಒಂದು ಮಾಹಿತಿ ಕೊಡಬೇಕು. ಅದು 'ಇಟ್ಟೆ' ಎಂದ ಕೂಡಲೇ, ಕರೆಂಟು ಹೋದಂತೆ ಅದರ ಉಸಿರು ನಿಲ್ಲಿಸಬೇಕು. ಮತ್ತೆ ಎಬ್ಬಿಸಿ, 'ಇಟ್ಟದ್ದು ಎಲ್ಲಿ?' ಎಂದು ಕೇಳಬೇಕು. ಸಿಕ್ಕರೆ ಪರದೆಯ ಮೇಲೆ ನಾನು ಹಸಿರಾಗಬೇಕು, ಸಿಗದಿದ್ದರೆ ಕೆಂಪಾಗಬೇಕು.

ಸರ್ವರಿನ ತಪ್ಪನ್ನು ತಿದ್ದುವ ಮೊದಲೇ ಅವರು ನನ್ನನ್ನು ಓಡಿಸಿದರು. ನಾನು ಕೆಂಪಾದೆ. ಅಯ್ನಾರ ಮುಖ ಅರಳಿತು.

"ಅತ್ತಿತು ನೋಡವಾ ಫರೀದಾ! ಗಿರ್ಮಿಟ್ ತರಸ್ತೀನಿ ಇವತ್ತ."

ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಫರೀದಾ ಮುಲ್ಲಾ ನಕ್ಕರು. "ಫೇಲ್ ಆದ್ರ ಗಿರ್ಮಿಟ್ ಕೊಡಸೋರನ್ನ ನಿಮ್ಮನ್ನಷ್ಟ ನೋಡಿದೆ ಅಯ್ನಾರ."

"ಹುಟ್ಟಿದ ಕೂಸು ಅಳದಿದ್ರ ಅಂಜಿಕಿ ಬರತೈತಿ. ತಪ್ಪು ಕಣ್ಣ ಮುಂದಿದ್ದಾಗ ಅಳದ ಟೆಸ್ಟು, ನಾಳೆ ತಪ್ಪು ಬಂದಾಗ ಅಳತೈತೇನು?"

ಆಮೇಲೆ ಅವರು ಸರ್ವರನ್ನು ತಿದ್ದಿದರು. ನಾನು ಹಸಿರಾದೆ. ಎಲ್ಲರೂ ಮಂಡಕ್ಕಿಯ ಗಿರ್ಮಿಟ್ ತಿಂದರು.

ಅಂದಿನಿಂದ ನನಗೆ ಬಿಡುವಿಲ್ಲ. ಸರ್ವರಿನಲ್ಲಿ ಯಾರು ಒಂದು ಸಾಲು ಬದಲಿಸಿದರೂ ನಾನು, ನನ್ನ ಒಡಹುಟ್ಟಿದ ಪರೀಕ್ಷೆಗಳೆಲ್ಲ ಓಡಬೇಕು. ಸರ್ವರ್ ಬೆಳೆದಂತೆ ಅಯ್ನಾರು ನಮ್ಮನ್ನೂ ತಿದ್ದುತ್ತಿದ್ದರು. ಒಮ್ಮೆ ಹಳೆಯ, ನಿಧಾನದ ಕಂಪ್ಯೂಟರಿನಲ್ಲಿ ಸರ್ವರ್ ಪೂರ್ತಿ ಏಳುವ ಮೊದಲೇ ನಾನು ಪ್ರಶ್ನೆ ಕೇಳಿ, ಉತ್ತರ ಬರಲಿಲ್ಲವೆಂದು ಸುಮ್ಮನೆ ಅತ್ತೆ. ಎಲ್ಲರೂ ದಿನವಿಡೀ ಇಲ್ಲದ ತಪ್ಪನ್ನು ಹುಡುಕಿ ಬೇಸತ್ತರು. ಅಯ್ನಾರು ಸಿಟ್ಟಾಗಲಿಲ್ಲ. 'ಎದ್ದೆಯಾ?' ಎಂದು ಮೊದಲು ಕೇಳುವುದನ್ನು ನನಗೆ ಕಲಿಸಿದರು. ಆಮೇಲೆ ನಾನು ಸುಳ್ಳು ಅಳಲಿಲ್ಲ. ಆದರೆ ಹೆಸರು ಕೆಟ್ಟಿತ್ತು.

ಶ್ರಾವಣದ ಒಂದು ಸೋಮವಾರ, ಲಿಂಗಪೂಜೆಗೆ ಕುಳಿತ ಅಯ್ನಾರು ಏಳಲಿಲ್ಲ. ತನ್ನವರನ್ನು ಯಾವ ಹೊತ್ತಿಗೆ ಕರೆಯಬೇಕೆಂಬುದು ಶಿವನಿಗೇ ಗೊತ್ತು. ಅವನ ಲೆಕ್ಕವನ್ನು ನಾವು ಕೇಳುವಂತಿಲ್ಲ. ಅಂದೂ ಯಾರೋ ಸರ್ವರಿನಲ್ಲಿ ಏನನ್ನೋ ತಿದ್ದಿದರು. ನಾನು ಎಂದಿನಂತೆ ಓಡಿದೆ, ಹಸಿರಾದೆ. ಆ ಹಸಿರನ್ನು ಕಂಡು ಅರಳುವ ಕಣ್ಣು ಮಾತ್ರ ಇರಲಿಲ್ಲ.

ನಾನು ಅಭಿನಂದನ ಉಪಾಧ್ಯೆಯವರ ಕೈಗೆ ಬಂದೆ. ಬುದ್ಧಿವಂತ, ಆದರೆ ಅವಸರದ ಮನುಷ್ಯ. ಸರ್ವರ್ ನಿಧಾನವೆಂದು ಗಿರಾಕಿಗಳು ದೂರುತ್ತಿದ್ದರು. ಅಭಿನಂದನ ಹೊಸ ಉಪಾಯ ಮಾಡಿದರು. ಬಂದ ಮಾಹಿತಿಯನ್ನು ಒಂದೊಂದಾಗಿ ಬರೆಯುವ ಬದಲು ಒಟ್ಟುಮಾಡಿ ಒಮ್ಮೆಲೇ ಡಿಸ್ಕಿಗೆ, ಅಂದರೆ ಕರೆಂಟು ಹೋದರೂ ಅಳಿಯದ ಜಾಗಕ್ಕೆ, ಬರೆಯುವುದು. ಸರ್ವರ್ ಕುದುರೆಯಂತೆ ಓಡಿತು. ಆದರೆ ಮಾಹಿತಿ ಡಿಸ್ಕಿಗೆ ಮುಟ್ಟುವುದಕ್ಕಿಂತ ಕಣ್ಣೆವೆ ಬಡಿಯುವಷ್ಟು ಮೊದಲೇ 'ಇಟ್ಟೆ' ಎನ್ನತೊಡಗಿತು. ಆ ಸಣ್ಣ ಸಂದಿನಲ್ಲಿ ನಾನು ಅದರ ಉಸಿರು ನಿಲ್ಲಿಸಿದಾಗ ಮಾತ್ರ ತಪ್ಪು ಸಿಗುತ್ತಿತ್ತು. ಹಾಗಾಗಿ ಎಂದೋ ಒಮ್ಮೆ ಅಳುತ್ತಿದ್ದೆ.

"ಅಯ್ನಾರ ಟೆಸ್ಟು ಮತ್ತ ಸುಳ್ಳ ಅಳಾಕ ಹತ್ತೇತಿ" ಎಂದರು ಅಭಿನಂದನ. ಅತ್ತರೆ ಮತ್ತೊಮ್ಮೆ ಓಡಿಸಿ, ಹಸಿರಾದರೆ ಅದನ್ನೇ ನಂಬುವಂತೆ ಮಾಡಿದರು. ಆಮೇಲೆ ಅದೂ ಬೇಸರವಾಗಿ, ನನ್ನ ತಲೆಯ ಮೇಲೆ 'ಇದನ್ನು ಬಿಟ್ಟು ಮುಂದೆ ಹೋಗು' ಎಂದು ಒಂದು ಸಾಲು ಬರೆದರು. ಒಡಹುಟ್ಟಿದವರು ನನ್ನನ್ನು ದಾಟಿ ಓಡುತ್ತಿದ್ದರು. ನಾನು ಹಸಿರೂ ಅಲ್ಲ, ಕೆಂಪೂ ಅಲ್ಲ.

ಅಷ್ಟರಲ್ಲಿ ಗದಗಿನ ಕಡೆಯ ಒಂದು ಆಸ್ಪತ್ರೆಯ ರಕ್ತನಿಧಿಗೆ ನಮ್ಮ ಸರ್ವರ್ ಹೋಗುವುದೆಂದು ನಿಶ್ಚಯವಾಯಿತು. ಎಲ್ಲ ಪರೀಕ್ಷೆಯಾಗಿದೆ ಎಂದು ಫರೀದಾ ಸಹಿ ಮಾಡಬೇಕಿತ್ತು. ಅವರು ಪರದೆಯನ್ನು ಮೇಲಿಂದ ಕೆಳಗೆ ನೋಡಿದರು. ಎಲ್ಲ ಹಸಿರು, ನಾನೊಬ್ಬನೇ ಬೂದು.

"ಅಭಿನಂದನ, ಇದನ್ನ ಯಾಕ ಮಲಗಿಸೀರಿ?"

"ಅಕ್ಕಾರ, ಅದಕ್ಕ ಅರಳು ಮರಳು ಆಗೇತ್ರಿ. ಸುಮ್ನ ಸಹಿ ಮಾಡ್ರಿ, ನಾಳೆ ಹೋಗೂದೈತಿ."

"ಒಂದ್ ಚೀಲದಾಗಿನ ರಕ್ತ ಕೆಟ್ಟೈತಿ, ಯಾರಿಗೂ ಕೊಡಬ್ಯಾಡ್ರಿ ಅಂತ ಅವರು ಬರೀತಾರ. ಸರ್ವರ್ 'ಇಟ್ಟೆ' ಅಂತೈತಿ. ಕರೆಂಟ್ ಹೋಗಿ ಬರತೈತಿ, ಬರೆದದ್ದ ಇರೂದಿಲ್ಲ. ಆ ರಕ್ತ ಯಾವ ಬಾಣಂತಿ ಮೈಗೆ ಹೋಗತೈತಿ ಹೇಳ್ರಿ?"

ಫರೀದಾ ಕುರ್ಚಿ ಎಳೆದುಕೊಂಡು ಕುಳಿತರು. ನನ್ನ ತಲೆಯ ಮೇಲಿನ ಸಾಲನ್ನು ಅಳಿಸಿದರು. ಓಡಿಸಿದರು. ಹಸಿರು. ಮತ್ತೆ ಓಡಿಸಿದರು. ಹಸಿರು. ನಿಜ ಹೇಳಬೇಕಾದ ಹೊತ್ತಿಗೆ ನನ್ನ ಬಾಯಿ ಕಟ್ಟಿತ್ತು.

"ನಾ ಹೇಳಿದ್ದಿಲ್ಲೇನ್ರಿ?" ಎಂದರು ಅಭಿನಂದನ.

ಫರೀದಾ ಎದ್ದು ಹೋಗಲಿಲ್ಲ. ಬಹಳ ಹೊತ್ತು ಸರ್ವರಿನ ಸಾಲುಗಳನ್ನು ಓದಿದರು. ಆಮೇಲೆ ಡಿಸ್ಕಿಗೆ ಬರೆಯುವ ಜಾಗದ ಮುಂದೆ, 'ಇಲ್ಲಿ ಸ್ವಲ್ಪ ನಿಲ್ಲು' ಎಂದು ಒಂದು ಮಾತು ಸೇರಿಸಿದರು. ಕಣ್ಣೆವೆಯಷ್ಟಿದ್ದ ಸಂದು ಬಾಗಿಲಿನಷ್ಟು ಅಗಲವಾಯಿತು. ನಾನು ಓಡಿದೆ. ಅತ್ತೆ. ಮತ್ತೆ ಓಡಿದೆ. ಮತ್ತೆ ಅತ್ತೆ. ಓಡಿಸಿದಾಗಲೆಲ್ಲ ಪರದೆ ಕೆಂಪು, ಕೆಂಪು!

"ಬೇಕಂತ ನಿಲ್ಲಿಸಿದ್ರ ಯಾವ ಸರ್ವರಾದ್ರೂ ಸೋಲತೈತ್ರಿ!" ಎಂದರು ಅಭಿನಂದನ.

"ಹಂಗಾದ್ರ ಅಯ್ನಾರು ತಿದ್ದಿದ ಹಳೆ ಸರ್ವರನ್ನೂ ಅಲ್ಲೇ ನಿಲ್ಲಿಸ್ತೀನಿ, ನೋಡ್ರಿ."

ಹಳೆಯ ಸರ್ವರ್ ನಿಂತಿತು, ತಡಮಾಡಿತು. ಆದರೆ ಡಿಸ್ಕಿಗೆ ಬರೆದು ಮುಗಿಯುವ ತನಕ 'ಇಟ್ಟೆ' ಎನ್ನಲಿಲ್ಲ. ಎಷ್ಟು ಸಲ ಓಡಿಸಿದರೂ ನಾನು ಹಸಿರು.

ಅಭಿನಂದನ ಪರದೆಯ ಹತ್ತಿರ ಬಾಗಿ ನೋಡಿದರು. "ಅಕ್ಕಾರ, ಆಸ್ಪತ್ರಿಗೆ ಫೋನ್ ಹಚ್ಚರಿ. ನಾಳೆ ಬರಂಗಿಲ್ಲ ಅನ್ರಿ" ಎಂದು ಅಂಗಿಯ ತೋಳು ಮಡಿಸಿ ಕೆಲಸಕ್ಕೆ ಕುಳಿತರು. ಒಟ್ಟುಮಾಡಿ ಬರೆಯುವ ಉಪಾಯವನ್ನು ಅವರು ಬಿಡಲಿಲ್ಲ. 'ಇಟ್ಟೆ' ಎಂಬ ಮಾತನ್ನು ಮಾತ್ರ ಬರೆದಾದ ಮೇಲಿನ ಜಾಗಕ್ಕೆ ತಂದರು. ವೇಗ ತುಸು ಕುಗ್ಗಿತು, ಮಾತು ನೆಟ್ಟಗಾಯಿತು. ಅಗಲವಾದ ಸಂದಿನಲ್ಲೂ ನಾನು ಹಸಿರಾದೆ. ಆ ನಿಲ್ಲಿಸುವ ವಿದ್ಯೆಯನ್ನು ಅಭಿನಂದನರೇ ನನ್ನ ಮೈಯಲ್ಲಿ ಸೇರಿಸಿದರು. ಅಂದಿನಿಂದ ತಪ್ಪಿದ್ದರೆ ಎಂದೋ ಒಮ್ಮೆಯಲ್ಲ, ಪ್ರತಿ ಸಲವೂ ಅಳುವಂತಾದೆ. ಫರೀದಾ ಸಹಿ ಮಾಡಿದರು.

ಸರ್ವರ್ ಅಲ್ಲಿಗೆ ಹೋಗಿ ಕೆಲವು ತಿಂಗಳಾಗಿತ್ತು. ಒಂದು ದಿನ ರಕ್ತನಿಧಿಯ ಹೆಣ್ಣುಮಗಳೊಬ್ಬಳು ಫೋನಿನಲ್ಲಿ ಸಿಡುಕಿದ ದನಿ ಆಫೀಸಿಗೆಲ್ಲ ಕೇಳಿತು.

"ಏನ್ ಸರ್ವರ್ ಕೊಟ್ಟೀರಿ ಮೇಡಂ! ನಾ ಬರಕೋತ ಕುಂತಾಗ ಕರೆಂಟ್ ಹೋತು, ಇನ್ವರ್ಟರೂ ಕೈ ಕೊಡ್ತು. ಈಗ ನೋಡಿದ್ರ ಒಂದ್ ಚೀಲ ಕೊಡಬ್ಯಾಡ್ರಿ ಅಂತ ಹಠ ಹಿಡದೈತಿ. ಇಲ್ಲಿ ಅರ್ಜೆಂಟ್ ಐತ್ರಿ!"

"ಕರೆಂಟ್ ಹೋಗೂಕಿಂತ ಮೊದಲ ಏನ್ ಬರೀತಿದ್ದಿವಾ?" ಎಂದು ಫರೀದಾ ಕೇಳಿದರು.

ಆ ಕಡೆ ಕಾಗದ ತಿರುವಿದ ಸದ್ದು. "ಅಯ್ಯ ಶಿವನ... ಅದ ಚೀಲದ್ದ ರಿಪೋರ್ಟ್ ರೀ. ಕೆಟ್ಟೈತಿ ಅಂತ ಬಂದಿತ್ತು."

"ಹಂಗಾದ್ರ ಕೊಡಬ್ಯಾಡ. ಬ್ಯಾರೆ ಚೀಲ ತಗೋ, ನನ್ನವ್ವಾ" ಎಂದು ಫರೀದಾ ಫೋನ್ ಇಟ್ಟರು. ಅಭಿನಂದನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಫೀಸೇ ಎದ್ದು ನಿಂತಿತು. ಫರೀದಾ ಮಾತ್ರ ಅಯ್ನಾರು ಕೂಡುತ್ತಿದ್ದ ಜಾಗದ ಕಡೆ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಕಣ್ಣಿಲ್ಲ. ಇದ್ದಿದ್ದರೆ ನಾನೂ ಒರೆಸಿಕೊಳ್ಳುತ್ತಿದ್ದೆ.

ಈಗ ನಾನು ಮುದಿಪರೀಕ್ಷೆ. ಕಂಪನಿ ದೊಡ್ಡ ಕಟ್ಟಡಕ್ಕೆ ಹೋಗಿದೆ. ಹೊಸ ಪರೀಕ್ಷೆಗಳ ನಡುವೆ, ಉದ್ದನೆಯ ಸಾಲಿನ ಒಂದು ಮೂಲೆಯಲ್ಲಿ ನನ್ನ ವಾಸ. ದಿನವೂ ಓಡುತ್ತೇನೆ. ಭಗವಂತ ಪ್ರತಿ ಜೀವಕ್ಕೂ ಒಂದೊಂದು ಕೆಲಸ ಹೇಳಿ ಕಳಿಸುತ್ತಾನಂತೆ. ನನಗೆ ಹೇಳಿದ್ದು ಒಂದೇ ಪ್ರಶ್ನೆ ಕೇಳುವ ಕೆಲಸ. ಅದರಲ್ಲಿ ನಾನು ಗೆದ್ದಿದ್ದೇನೆ. ಇಲ್ಲಿಯವರು ನನ್ನ ಹಸಿರನ್ನು ಕಂಡು ನಿಶ್ಚಿಂತರಾಗಿ ಊಟಕ್ಕೆ ಏಳುತ್ತಾರೆ. ಹೊಟ್ಟೆ ತುಂಬ ಉಂಡು ಬರಲಿ. ನಾನು ಎಚ್ಚರವಾಗಿದ್ದೇನೆ.