ಹುಲಿಯಣ್ಣನ ಕಾಲುಂಗುರ

ಹುಲಿಯಣ್ಣನನ್ನು ನಾನು ಮೊದಲು ಕಂಡ ದಿನ ಅವರು ಕಣ್ಣು ಮುಚ್ಚಿಕೊಂಡು ನಡೆಯುತ್ತಿದ್ದರು. ಅಂಕೋಲೆಯಲ್ಲಿ ಹೆದ್ದಾರಿಯ ಬದಿಗೆ ಕಿಶನ ಎಂಬವರ ಟೈಲ್ಸ್ ಅಂಗಡಿಯಿದೆ. ನಮ್ಮ ಮನೆಯ ಬಚ್ಚಲಿನ ಜಾರು ನೆಲವನ್ನು ಬದಲಿಸೋಣವೆಂದು ಅಲ್ಲಿಗೆ ಹೋಗಿದ್ದೆ. ಒಳಗೆ ಸಾಲಾಗಿ ಹಾಸಿದ್ದ ಮಾದರಿಗಳ ಮೇಲೆ, ಖಾಕಿ ಅಂಗಿ ತೊಟ್ಟ, ಅರವತ್ತು ದಾಟಿದ ಒಬ್ಬರು ಚಪ್ಪಲಿಗಳನ್ನು ಕಂಕುಳಲ್ಲಿ ಇರುಕಿಕೊಂಡು, ಕಾಲುಗಳನ್ನು ಅಗಲಿಸಿ, ಮುಖ ಮೇಲೆತ್ತಿ, ಕಣ್ಣೆರಡನ್ನೂ ಬಿಗಿಯಾಗಿ ಮುಚ್ಚಿ, ದೋಣಿಯೊಳಗೆ ನಡೆದಂತೆ ಓಲಾಡುತ್ತ ನೇರವಾಗಿ ನನ್ನೆಡೆಗೇ ಬರುತ್ತಿದ್ದರು. ಹಗಲಿನಲ್ಲೇ ಕುಡಿದಿದ್ದಾರೆಂದುಕೊಂಡು ನಾನು ಪಕ್ಕಕ್ಕೆ ಸರಿದೆ. “ಬನ್ನಿ ಅಕ್ಕೋರೆ” ಎಂದು ಕಿಶನ ನನ್ನನ್ನು ಕರೆದದ್ದು ಕೇಳಿ ಅವರು ಕಣ್ಣು ತೆರೆದರು.

“ಹೆದ್ರಬೇಡಿ ಅಕ್ಕೋರೆ. ನಂಗೆ ಕಣ್ಣು ಚಲೋ ಕಾಣ್ತದೆ. ನನ್ನ ಹೆಂಡ್ತಿಗೆ ಕಾಣೂದಿಲ್ಲ.”

“ಕಾರವಾರದ ಅಂಗಡಿಯವ್ರೆಲ್ಲ ಇವ್ರಿಗೆ ಕೈಮುಗುದ್ರು. ಈಗ ನನ್ನ ತಲೆ ಮೇಲೆ ಬಂದಿದಾರೆ” ಎಂದರು ಕಿಶನ.

“ಅದು ಹಾಂಗಲ್ಲ ನೋಡಿ. ಅಲ್ಲಿ ಟೈಲ್ಸನ್ನ ದೇವರ ಪಟದ ಹಾಂಗೆ ಗೋಡೆಗೆ ತೂಗ್ಸಿಟ್ಟಿದ್ರು. ಗೋಡೆ ಮೇಲೆ ನಡಿಯೂಕೆ ನಾನೆಂತ ಹಲ್ಲಿನಾ?”

“ಅದು ಹಾಂಗಲ್ಲ ನೋಡಿ” ಎಂಬುದು ಹುಲಿಯಣ್ಣನ ಪ್ರತಿ ಮಾತಿನ ಹೊಸ್ತಿಲು. ಅದನ್ನು ದಾಟದೆ ಅವರ ಮಾತಿನೊಳಗೆ ಯಾರಿಗೂ ಪ್ರವೇಶವಿರಲಿಲ್ಲ. ಮಾತು ಮುಗಿದಾಗ ಹತ್ತಿರದ ಗೋಡೆಗೆ ಎರಡು ಸಲ ಅಂಗೈ ಬಡಿದು “ರೈಟ್” ಎನ್ನುವರು. ಸರಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಅಂಕೋಲೆಯಿಂದ ರಾಮನಗುಳಿಯತ್ತ ಹೋಗುವ ದಾರಿಯ ತಿರುವುಗಳಲ್ಲಿ ನಿಂತುಕೊಂಡೇ ಆಯುಷ್ಯದ ಬಹುಭಾಗವನ್ನು ಕಳೆದ ಆ ಕಾಲುಗಳಿಗೆ, ನಿವೃತ್ತರಾಗಿ ವರ್ಷಗಳು ಕಳೆದರೂ, ನೆಲವು ಅಲುಗದೆ ನಿಂತಿರುತ್ತದೆಂಬ ನಂಬಿಕೆ ಬಂದಿರಲಿಲ್ಲ. ಹರಿಯದ ಅಂಗಿಯನ್ನು ಬಿಡುವುದು ಹೇಗೆಂದು ಖಾಕಿಯನ್ನೂ ಬಿಟ್ಟಿರಲಿಲ್ಲ.

ಅವರ ಮೂಲ ಊರು ಚೆಂಡಿಯಾ. ಗದ್ದೆ ಮನೆಗಳು ನೌಕಾನೆಲೆಗೆ ಹೋದ ಮೇಲೆ ಪುನರ್ವಸತಿಯ ಕಾಲನಿಯಲ್ಲಿ ಮನೆ ಮಾಡಿದ್ದರು. ಈಗ ಮಗಳು ಸಂಧ್ಯಾ ಕಾರವಾರದಲ್ಲಿ ಶಿಕ್ಷಕಿಯಾಗಿದ್ದು, ಅಲ್ಲಿನ ಕೋಡಿಬಾಗದಲ್ಲಿ ಮನೆ ಕಟ್ಟಿಸುತ್ತಿದ್ದಳು; ಮೂವರೂ ಅಲ್ಲಿಯೇ ಕೂಡಿ ಇರಬೇಕೆಂಬುದು ಅವಳ ಆಸೆ. ಆ ಸಂಧ್ಯಾ ನನ್ನ ಹಳೆಯ ವಿದ್ಯಾರ್ಥಿನಿ ಎಂದು ತಿಳಿದಾಗ ಹುಲಿಯಣ್ಣ ನನ್ನನ್ನು ತಮ್ಮ ಪಕ್ಷಕ್ಕೆ ಸೇರಿಸಿಕೊಂಡೇ ಬಿಟ್ಟರು.

ಹುಲಿಯಣ್ಣನ ಹೆಂಡತಿ ನಾಗಿಯಕ್ಕನ ದೃಷ್ಟಿ ನರದ ಕಾಯಿಲೆಯಿಂದ ವರ್ಷವರ್ಷಕ್ಕೂ ಕಿರಿದಾಗುತ್ತ ಬಂದು, ಬೆಳಕು ಕತ್ತಲೆಗಳ ಭೇದವಷ್ಟೇ ಉಳಿದಿತ್ತು. ಕಾಲನಿಯ ಮನೆಯನ್ನು ಕಣ್ಣಿದ್ದಾಗಲೇ ಕಲಿತಿದ್ದರಿಂದ ಅಲ್ಲಿ ಅವರು ಯಾರ ಕೈಯನ್ನೂ ಹಿಡಿಯದೆ ಒಲೆ ಹೊತ್ತಿಸುತ್ತಿದ್ದರು, ಮೀನು ಹೆಚ್ಚುತ್ತಿದ್ದರು. ಹೊಸಮನೆಯ ಮಾತು ಬಂದಾಗ ಅವರು ಹೇಳಿದ್ದು ಒಂದೇ: “ಕೈ ಹಿಡ್ದು ಕರ್ಕಂಡೋಗಿ ಕುರ್ಚಿ ಮೇಲೆ ಕೂರ್ಸೂದಾದ್ರೆ ನಾ ಬರೂದಿಲ್ಲ. ನನ್ನ ಮನೇಲಿ ನಾ ನೆಂಟಳಾಗೂದಿಲ್ಲ.”

ಆದ್ದರಿಂದ ಹುಲಿಯಣ್ಣ ಒಂದೊಂದು ಕೋಣೆಗೆ ಒಂದೊಂದು ನೆಲವೆಂದು ನಿಶ್ಚಯಿಸಿದರು. ನಿಂತಲ್ಲಿ ಯಾವ ಕೋಣೆಯೆಂದು ನಾಗಿಗೆ ಕಾಲೇ ಹೇಳಬೇಕು. ಪಡಸಾಲೆಗೆ ನುಣುಪಾದ ಕೆಂಪು ಸಿಮೆಂಟು, ಅಡುಗೆಮನೆಗೆ ತರಿತರಿಯಾದ ಟೈಲ್ಸು, ಮಲಗುವ ಕೋಣೆಗೆ ಮೊಸಾಯಿಕ್. ಸಂಧ್ಯಾಳಿಗೋ ಊರಲ್ಲಿ ಎಲ್ಲರೂ ಮಾಡಿಸಿದಂತೆ ಮನೆಯುದ್ದಕ್ಕೂ ಒಂದೇ ಬಿಳಿಯ ಹೊಳೆಯುವ ನೆಲ ಬೇಕಾಗಿತ್ತು. “ಅಪ್ಪಾ, ಇದು ಮನೆಯನಾ, ಕಿಶನಣ್ಣನ ಅಂಗಡಿಯನಾ?” ಎಂದು ಅವಳು ನನ್ನೆದುರಿಗೇ ಕೇಳಿದಳು. “ಅದು ಹಾಂಗಲ್ಲ ನೋಡು. ಬಿಳಿ ಆದ್ರೆಂತ, ಕಪ್ಪಾದ್ರೆಂತ, ನಿನ್ನ ಆಯಿಗೆ?” ಎಂದರು ತಂದೆ. ತಾಯಿಯ ಹೆಸರು ಬಂದೊಡನೆ ಮಗಳು ಬಿಳಿ ನೆಲದ ಮಾತು ಬಿಟ್ಟಳು.

ಬಿಡಿ ತುಂಡುಗಳ ಮೇಲೆ ನಡೆದರೆ ನಿಜ ತಿಳಿಯದೆಂದು ಗಾರೆಯವರಿಂದ ಹೊಸಮನೆಯ ಅಂಗಳದಲ್ಲಿ ಮೂರನ್ನೂ ಸಿಮೆಂಟಿನಲ್ಲಿ ಕೂರಿಸಿ, ಒಂದು ಭಾನುವಾರ ನಾಗಿಯಕ್ಕನನ್ನು ಕರೆತಂದರು. ನನಗೂ ಆಮಂತ್ರಣವಿತ್ತು. ಕೆಂಪು ಸಿಮೆಂಟನ್ನು ನಾಗಿಯಕ್ಕ ಗುರುತಿಸಿದರು. ಉಳಿದೆರಡರ ಮೇಲೆ ಹೋದರು, ಬಂದರು, ಮತ್ತೆ ಹೋದರು. ಹುಲಿಯಣ್ಣ ಕತ್ತು ಚಾಚಿಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಮಕ್ಕಳಂತೆ ನಿಂತಿದ್ದರು.

“ಎರಡೂ ಒಂದೇ.”

“ಅದು ಹಾಂಗಲ್ಲ ನೋಡು! ಒಂದು ತರಿ, ಒಂದು ನುಣುಪು. ನಂಗೆ ಕಣ್ಣು ಮುಚ್ಚಿದ್ರೂ ಗುತ್ತಾಗ್ತದೆ!”

“ನಿಮ್ಗೆ ಗುತ್ತಾಗೂದೇ” ಎಂದು ನಾಗಿಯಕ್ಕ ನಕ್ಕರು. “ಅದು ಬೂಟಿನೊಳಗೆ ಹಾಕಿ ಸಾಕಿದ ಕಾಲು, ಹಾಲು ಕುಡಿಯೂ ಹುಡ್ಗನ ಕಾಲಿನ ಹಾಂಗಿದೆ. ನನ್ನ ಹಿಮ್ಮಡಿ ನೋಡಿ. ಕದ್ವಾಡದ ತವರಿನ ಗದ್ದೆ, ನಿಮ್ಮ ಚೆಂಡಿಯಾದ ಗದ್ದೆ, ಎರಡೂ ಇದ್ರ ಮೇಲೇ ಹೋದ್ವು. ಇದ್ಕೆ ಮುಳ್ಳು ಹೆಟ್ಟಿದ್ರೂ ಗುತ್ತಾಗೂದಿಲ್ಲ, ನಿಮ್ಮ ಟೈಲ್ಸು ಗುತ್ತಾಗ್ತದನಾ?”

ಹುಲಿಯಣ್ಣ ಗೋಡೆಯತ್ತ ಕೈಯೆತ್ತಿದರು, ಆದರೆ ಬಡಿಯಲಿಲ್ಲ. ದಂಪತಿಗಳಾಗಿ ಇಷ್ಟು ಕಾಲ ಒಂದೇ ಸೂರಿನಡಿ ನಡೆದಾಡಿದ್ದರೂ ತಮ್ಮ ಪಾದವೇ ಅವಳ ಪಾದವೆಂದು ಎಣಿಸಿದ್ದರೆಂಬುದು ಅವರ ಮುಖದಲ್ಲಿ ಬರೆದಂತಿತ್ತು.

“ಹಾಗಾದರೆ ಕೆಂಪು ನೆಲ ಹೇಗೆ ತಿಳಿಯಿತು?” ಎಂದು ಕೇಳಿದೆ.

ನಾಗಿಯಕ್ಕ ಕಾಲ್ಬೆರಳನ್ನು ಎತ್ತಿ ಕೆಂಪು ನೆಲಕ್ಕೆ ಕುಟ್ಟಿದರು. ಬೆಳ್ಳಿಯ ಕಾಲುಂಗುರ ‘ಟಕ್’ ಎಂದಿತು. ಟೈಲ್ಸಿಗೂ ಮೊಸಾಯಿಕ್ಕಿಗೂ ಕುಟ್ಟಿದರು. ಎರಡೂ ಕಡೆ ಒಂದೇ ಸದ್ದು.

“ದನಿ ಬೇರೆ ಮಾಡ್ಸಿ” ಎಂದರು.

ಹುಲಿಯಣ್ಣ ಆ ಕೂಡಲೇ ಕಾಲುಂಗುರವನ್ನು ಕೊಡು ಎಂದರು, ಅಂಗಡಿಗೆ ಒಯ್ಯಲಿಕ್ಕೆ. ನಾಗಿಯಕ್ಕ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. “ಗಂಡ ಗಟ್ಟಿಮುಟ್ಟಾಗಿ ಎದ್ರಿಗೆ ನಿಂತಾಗ ಕಾಲುಂಗುರ ತೆಗಿತಾರನಾ? ಏನು ಮಾತು ಹೇಳ್ತ್ರಿ!”

ಮುಂದಿನ ವಾರ ಕಿಶನರ ಅಂಗಡಿಯಲ್ಲಿ ನಾನು ಕಂಡ ದೃಶ್ಯವನ್ನು ಮರೆಯಲಾರೆ. ಹುಲಿಯಣ್ಣ ಅಕ್ಕಸಾಲಿಯ ಬಳಿ ತಮ್ಮ ಅಳತೆಗೆ ಒಂದು ಬೆಳ್ಳಿಯ ಕಾಲುಂಗುರ ಮಾಡಿಸಿ, ಬಲಗಾಲಿನ ಎರಡನೆಯ ಬೆರಳಿಗೆ ಹಾಕಿಕೊಂಡು, ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಕಣ್ಣು ಮುಚ್ಚಿ, ಕಲ್ಲಿನಿಂದ ಕಲ್ಲಿಗೆ ಬೆರಳು ಕುಟ್ಟುತ್ತ, ಸದ್ದು ಆರುವವರೆಗೆ ತಲೆ ವಾಲಿಸಿ ನಿಂತು, ಮತ್ತೆ ಮುಂದಕ್ಕೆ ಹೋಗುತ್ತಿದ್ದರು. ಗಿರಾಕಿಗಳು ತಮ್ಮ ವ್ಯಾಪಾರ ಬಿಟ್ಟು ನೋಡುತ್ತಿದ್ದರು.

“ಹುಲಿಯಣ್ಣ, ಮದುವೆ ಯಾವಾಗಾಯ್ತ್ರಾ? ನಮ್ಗೊಂದು ಊಟ ಹಾಕ್ಲಿಲ್ಲಲ!” ಎಂದರು ಕಿಶನ.

“ಸುಮ್ನಿರು ಮಾರಾಯಾ, ದನಿ ಕೇಳೂದಿಲ್ಲ” ಎಂದರೇ ಹೊರತು ಅವರು ಕಣ್ಣು ತೆರೆಯಲಿಲ್ಲ. ಕೊನೆಗೆ ಆರಿಸಿದ್ದು ಅಡುಗೆಮನೆಗೆ ಕಡಪಾ ಕಲ್ಲು, ಅದರ ದನಿ ‘ಠಣ್’. ಮಲಗುವ ಕೋಣೆಗೆ ಸುಟ್ಟ ಮಣ್ಣಿನ ಬಿಲ್ಲೆ, ಅದು ‘ಡಬ್’ ಎಂದು ಮೆತ್ತಗೆ ನುಡಿಯುತ್ತದೆ. ಪಡಸಾಲೆಯ ಕೆಂಪು ಸಿಮೆಂಟು ಹಾಗೆಯೇ ಉಳಿಯಿತು. ತರಿ ಟೈಲ್ಸನ್ನು ವ್ಯರ್ಥ ಮಾಡಬಾರದೆಂದು ನಮ್ಮ ಬಚ್ಚಲಿಗೆ ಶಿಫಾರಸು ಮಾಡಿದರು; ಈಗ ನಾನು ಅದರ ಮೇಲೆ ಜಾರದೆ ಸ್ನಾನ ಮಾಡುತ್ತಿದ್ದೇನೆ.

ಗೃಹಪ್ರವೇಶದ ದಿನ ಬಾಗಿಲಲ್ಲಿ ಯಾರೋ ನಾಗಿಯಕ್ಕನ ಕೈ ಹಿಡಿಯಲು ಮುಂದಾದರು. ಸಂಧ್ಯಾ ತಡೆದಳು. ನಾಗಿಯಕ್ಕ ಪಡಸಾಲೆಯನ್ನು ದಾಟಿದರು, ತಪ್ಪಿ ಮಲಗುವ ಕೋಣೆಯ ಹೊಸ್ತಿಲೊಳಗೆ ಒಂದು ಹೆಜ್ಜೆಯಿಟ್ಟರು, ‘ಡಬ್’ ಎಂದೊಡನೆ ತಾವಾಗಿಯೇ ಹಿಂದಿರುಗಿದರು. ಸ್ವಲ್ಪ ಹೊತ್ತಿಗೆ ‘ಠಣ್’ ಎಂದಿತು. ಆಮೇಲೆ ಒಳಗಿನಿಂದ ಕೂಗು ಬಂತು: “ಚಾ ಯಾರ್ಯಾರಿಗೆ ಬೇಕು?” ಹುಲಿಯಣ್ಣ ಗೋಡೆಗೆ ಎರಡು ಸಲ ಬಡಿದರು. “ರೈಟ್” ಎಂದರು. ನೆಂಟರು ಉಡುಗೊರೆಯಾಗಿ ತಂದ ದಪ್ಪ ಕಾರ್ಪೆಟ್ಟು ಅಂದೇ ಅಟ್ಟವನ್ನು ಸೇರಿತು.

ಪಾಠ ಹೇಳುವ ಕೆಲಸದಲ್ಲಿ ನಾನು ಹಟಮಾರಿಗಳನ್ನು ಬಹಳ ಕಂಡಿದ್ದೇನೆ. ಹೆಚ್ಚಿನವರದು ತಮ್ಮ ಮಾತು ನಿಲ್ಲಬೇಕೆಂಬ ಹಟ. ಹುಲಿಯಣ್ಣನಂಥವರದು ಹಿಡಿದ ಕೆಲಸ ನಿಲ್ಲಬಾರದೆಂಬ ಹಟ. ಅದಕ್ಕೆ ತಮ್ಮ ಮಾತೇ ಅಡ್ಡ ಬಂದರೆ ಅದನ್ನು ಬಿಡುತ್ತಾರೆ, ನಾಲ್ಕು ಜನ ನಕ್ಕರೆ ನಗಿಸಿಕೊಳ್ಳುತ್ತಾರೆ, ಇನ್ನೊಬ್ಬರ ಕಾಲಿನಲ್ಲಿ ಮತ್ತೆ ಮೊದಲಿನಿಂದ ನಡೆದು ನೋಡುತ್ತಾರೆ. ಇಂಥವರು ಮನೆಗೊಬ್ಬರಿದ್ದರೆ ಸಾಕು.

ಈಚೆಗೆ ಕೋಡಿಬಾಗಕ್ಕೆ ಹೋದಾಗ ನೋಡಿದೆ, ಆ ಕಾಲುಂಗುರ ಹುಲಿಯಣ್ಣನ ಬೆರಳಿನಲ್ಲಿ ಇನ್ನೂ ಇದೆ. ಪೇಟೆಗೆ ಹೋಗುವಾಗ ಬೂಟಿನೊಳಗೆ ಅಡಗಿಸುತ್ತಾರಂತೆ. ತೆಗೆಯಹೋದರೆ ನಾಗಿಯಕ್ಕ ಬಿಡಲಿಲ್ಲವಂತೆ: “ಇರ್ಲಿ. ನೀವು ಎಲ್ಲಿದ್ರಿ ಅಂತ ನಂಗೂ ಗುತ್ತಾಗ್ಬೇಕಲ.” ನಾನೂ ನಾಗಿಯಕ್ಕನೂ ಜಗಲಿಯಲ್ಲಿ ಮಾತಾಡುತ್ತಿದ್ದಾಗ ಒಳಗಿನಿಂದ ‘ಟಕ್, ಟಕ್’ ಎಂಬ ಓಲಾಡುವ ನಡಿಗೆ ಕೇಳಿಸಿ, ಆಮೇಲೆ ‘ಠಣ್’ ಎಂದಿತು. ನಾಗಿಯಕ್ಕ ಒಳಗಿನತ್ತ ಕಿವಿಯಾನಿಸಿದರು.

“ಡಾಕ್ಟರು ಸಿಹಿ ಮುಟ್ಟಬೇಡಿ ಅಂದಿದಾರೆ ಅಕ್ಕೋರೆ. ಈಗ ಬೆಲ್ಲದ ಡಬ್ಬಿಗೆ ಕೈ ಹಾಕ್ತಾರೆ ನೋಡಿ.”

“ಅದು ಹಾಂಗಲ್ಲ...” ಎಂದಿತು ಅಡುಗೆಮನೆ. ಡಬ್ಬಿಯ ಮುಚ್ಚಳ ಮುಚ್ಚಿದ ಸದ್ದು ನನಗೂ ಕೇಳಿಸಿತು.